ಹ್ಯಾನ್‌ವೆಲ್ ಕಾಲುವೆಯ ಕೀಲಿ

ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಹಳೆಯ ಸರಕು ಕಾಲುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೆಟ್ಟಿಲಿಗೊಂದು ನೀರಿನ ತೊಟ್ಟಿ, ತೊಟ್ಟಿಯ ಎರಡೂ ತುದಿಗೆ ಮರದ ಬಾಗಿಲು. ಭಾನುವಾರ ಬೆಳಿಗ್ಗೆ ಅಕ್ಕನೂ, ಅವಳನ್ನು ನೋಡಲು ಊರಿನಿಂದ ಬಂದಿದ್ದ ನಾನೂ ಅದರ ದಂಡೆಗುಂಟ ಹೊರಟಿದ್ದೆವು. ಧಾರವಾಡದ ನಮ್ಮಕ್ಕ ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಬೂಟು.

ತೊಟ್ಟಿಯಲ್ಲೊಂದು ದೋಣಿ ಕೆಳಗಿಳಿಯಲು ಕಾದಿತ್ತು. ಅದರ ಒಡತಿ, ನರೆಗೂದಲಿನ ಇಂಗ್ಲಿಷ್ ಹೆಂಗಸು, ಒಬ್ಬಳೇ ದಂಡೆಯಲ್ಲಿ ನಿಂತು ಕೀಲಿ ತಿರುಗಿಸಿ ತೊಟ್ಟಿಯ ನೀರನ್ನು ಕೆಳಕ್ಕೆ ಬಿಡುತ್ತಿದ್ದಳು. ದಂಡೆಯ ಮೇಲೆ ಹೋಗುವವರು ಇಂಥಲ್ಲಿ ಕೈ ಹಚ್ಚುವುದು ರೂಢಿಯಂತೆ. ನಾನು ಮುನ್ನುಗ್ಗಿ, ಕೆಳಗಿನ ಬಾಗಿಲಿನಿಂದ ದಂಡೆಯ ಮೇಲೆ ಚಾಚಿದ್ದ ತೊಲೆಯನ್ನು ಎರಡೂ ಕೈಯಿಂದ ದಬ್ಬಿದೆ. ಅದು ಕದಲಲೇ ಇಲ್ಲ.

"ತಡಿಯೋ, ಒಳಗಿನ ನೀರು ಹೊರಗಿನ ನೀರಿಗೆ ಸಮ ಆಗ್ಲಿ. ಆಮ್ಯಾಲೆ ಕೈಲೆ ಅಲ್ಲ, ಬೆನ್ನು ಕೊಟ್ಟು ದಬ್ಬಬೇಕು," ಎಂದಳು ಅಕ್ಕ.

ತೊಟ್ಟಿಯ ನೀರು ದೋಣಿಯನ್ನೂ ಇಳಿಸಿಕೊಂಡು ಹೊರಗಿನದಕ್ಕೆ ಸಮವಾಯಿತು. ಅವಳು ತೊಲೆಗೆ ಬೆನ್ನು ಕೊಟ್ಟು, ನೆಲದ ಉಬ್ಬು ಇಟ್ಟಿಗೆಗಳಿಗೆ ಪಾದ ಊರಿ, ಹಿಂದಕ್ಕೆ ನಡೆದಳು. ಬಾಗಿಲು ತೆರೆಯಿತು.

"ಎಲ್ಲಿಂದ ಬಂದಿದ್ದೀರಿ?" ದೋಣಿಯಾಕೆ ಕೇಳಿದಳು.

ನೀವು ಇಲ್ಲಿಯವರಲ್ಲ ಎಂಬಂತೆ ಕೇಳುವ ಈ ಪ್ರಶ್ನೆಗೆ ಅಕ್ಕ ಸಿಡುಕುವುದನ್ನು ನಾನು ಬಂದಾಗಿನಿಂದ ನೋಡಿದ್ದೆ. ಈ ಸಲ ಸಿಡುಕಲಿಲ್ಲ.

"ಇವನು ಇಂಡಿಯಾದಿಂದ ಬಂದಿದ್ದಾನೆ. ನಾನು ಇದೇ ಊರಿನವಳು," ಎಂದಳು ಇಂಗ್ಲಿಷಿನಲ್ಲಿ.

"ಹಾಗಾದರೆ ಮುಂದಿನ ಬಾಗಿಲು ನಿಮ್ಮದೇ," ಎಂದು ದೋಣಿಯಾಕೆ ನೀರು ಬಿಡುವ ಕಬ್ಬಿಣದ ಕೀಲಿಯನ್ನು ಅಕ್ಕನ ಕೈಗಿಟ್ಟಳು.

ಅವ್ವ ಮನೆಯ ಕೀಲಿ ಗೊಂಚಲು ಸಿಕ್ಕಿಸಿಕೊಳ್ಳುವಂತೆ ಅಕ್ಕ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ನಡೆದಳು. ಅವಳ ಕೈಚೀಲ ಹಿಡಿದು ನಾನು ಹಿಂದೆ ಹೋದೆ.