ಚಿಗರಿ ಮರಿಯ ಹಣೆಯ ವಿಭೂತಿ

ಚಿಗರಿ ಮರಿಯ ಹಣೆಯ ಮೇಲೆ ವಿಭೂತಿಯ ಮೂರು ಗೆರೆಗಳಿದ್ದವು. ನಡುವಿನದು ಎಡಗಣ್ಣಿನತ್ತ ಸ್ವಲ್ಪ ಜಾರಿತ್ತು.

ದಾಳಿಂಬ ಊರಿನ ನಮ್ಮ ಹೊಲಕ್ಕೂ ನಾವು ಚಿಗರಿ ಎನ್ನುವ ಕೃಷ್ಣಮೃಗಗಳ ಸಂರಕ್ಷಿತ ಹುಲ್ಲುಗಾವಲಿಗೂ ನಡುವೆ ಒಂದು ಬದು ಮಾತ್ರ. ಸೋಯಾ ಕೊಯ್ಲಿಗೆ ಬಂದಿತ್ತು. ಹೊಲ ನೋಡಲು ಹೋಗಿದ್ದ ನನ್ನ ಚಿಕ್ಕಮ್ಮ, ನಮ್ಮ ಕಾಕು, ಬದುವಿನ ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ್ದ ಮರಿಯನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದಿದ್ದರು. ನಮ್ಮಲ್ಲಿ ಕರು ಹುಟ್ಟಿದರೆ ಮೊದಲು ಅದರ ಹಣೆಗೆ ವಿಭೂತಿ. ಇದಕ್ಕೂ ಹಚ್ಚಿದ್ದರು.

“ತಾಯಿ ಬಿಟ್ಟು ಹೋಗ್ಯಾಳ. ಮುಟ್ಟಿದ್ರೂ ಎದ್ದು ಓಡಲಿಲ್ಲ, ಪಾಪ.”

“ಬಿಟ್ಟು ಹೋಗಿಲ್ಲ ಕಾಕು. ಮರಿ ಅಡಗಿಸಿ ಮೇಯಾಕ ಹೋಗಿರ್ತದ,” ಎಂದೆ ನಾನು.

ಕಾಕಾ ಚಹಾದ ಬಸಿ ಕೆಳಗಿಟ್ಟರು. “ನಾ ಹೊಲದಾಗ ಮಕ್ಕೊಂಡ್ರ ಒಂದಿನಾನೂ ಹಿಂಗ ಎತ್ಕೊಂಡು ಬಂದಿಲ್ಲ ಈಕಿ.”

“ನಿಮ್ಮನ್ನ ಎತ್ತಾಕ ಟ್ರ್ಯಾಕ್ಟರ್ ಬೇಕ್ರೀ.”

ನಾನು ಅರಣ್ಯ ಕಾವಲುಗಾರರಿಗೆ ಫೋನ್ ಮಾಡಿದೆ. ಮರಿಯನ್ನು ಸಿಕ್ಕ ಜಾಗದಲ್ಲೇ ಕೂಡಲೇ ಇಟ್ಟು ದೂರ ನಿಲ್ಲಿ, ಕತ್ತಲಾದರೂ ತಾಯಿ ಬಾರದಿದ್ದರೆ ತಿಳಿಸಿ ಎಂದರು. ಕಾಕುವಿನ ಮುಖ ಇಳಿಯಿತು. “ಬರಲಿಲ್ಲಂದ್ರ ಆ ಪಾಪ ನಂದ.”

ವಿಭೂತಿಯ ವಾಸನೆಗೆ ತಾಯಿ ಬೆದರೀತೆಂದು ನಾನು ಬಟ್ಟೆ ತಂದೆ. ಕಾಕು ನನ್ನ ಕೈ ಹಿಡಿದರು. “ಹಚ್ಚಿದ ಇಬತ್ತಿ ಒರಸಬಾರದವ್ವ.” ಸ್ವಲ್ಪ ಹೊತ್ತು ಮರಿಯನ್ನೇ ನೋಡಿದರು. ಆಮೇಲೆ ತಾವೇ ಬೆರಳಿನಿಂದ ಆ ಬೂದಿಯನ್ನು ತೆಗೆದು ತಮ್ಮ ಹಣೆಗೆ ಹಚ್ಚಿಕೊಂಡರು.

ನಾನೂ ಕಾಕುವೂ ಬದುವಿಗೆ ಹೋಗಿ ಅದೇ ಹುಲ್ಲಿನಲ್ಲಿ ಇಟ್ಟ ಕೂಡಲೇ ಮರಿ ಕುತ್ತಿಗೆ ಚಾಚಿ ನೆಲಕ್ಕೆ ಅಂಟಿಕೊಂಡಿತು. ದೂರದ ಬೇವಿನ ಮರದ ಕೆಳಗೆ ಕುಳಿತು ನೋಡಿದರೆ ಅಲ್ಲಿ ಮಣ್ಣು, ಹುಲ್ಲು ಬಿಟ್ಟು ಏನೂ ಇರಲಿಲ್ಲ. ಬಿಸಿಲು ಇಳಿಯಿತು. ದಿಬ್ಬದ ಮೇಲೆ ಹಿಂಡು ಕಾಣಿಸಿತು. ಅದರಿಂದ ಒಂದು ಹೆಣ್ಣು ಚಿಗರಿ ಬೇರೆಯಾಗಿ ಬಂತು. ನಡೆದು ನಿಂತಿತು, ಮತ್ತೆ ನಡೆಯಿತು. ಬದುವಿನ ಹತ್ತಿರ ಬಂದು ಬಹಳ ಹೊತ್ತು ಕದಲಲಿಲ್ಲ. ಅದು ತಲೆ ತಗ್ಗಿಸಿತು. ಆಗ ನೆಲವೇ ಎದ್ದು ನಿಂತಂತೆ ಮರಿ ಎದ್ದು, ತಾಯಿಯ ಹೊಟ್ಟೆಯ ಕೆಳಗೆ ಮುಖ ತೂರಿಸಿತು. ಅದರ ಬಾಲ ಒಂದೇ ಸಮನೆ ಅಲ್ಲಾಡುತ್ತಿತ್ತು.

“ಬಂದ್ಲು ನೋಡು,” ಎಂದರು ಕಾಕು, ನನಗೂ ಸರಿಯಾಗಿ ಕೇಳದಷ್ಟು ಮೆಲ್ಲಗೆ.

ನಾನು ಚಿಕ್ಕಂದಿನಿಂದ ಬದುವಿನ ಆ ಕಡೆಯನ್ನು ಖಾಲಿ ಮಾಳವೆಂದೇ ತಿಳಿದಿದ್ದೆ. ಆ ಹುಲ್ಲಿನಲ್ಲಿ ಇನ್ನೆಷ್ಟು ಜೀವಗಳು ಹೀಗೆ ನೆಲವಾಗಿ ಮಲಗಿ, ನಮ್ಮ ಹೆಜ್ಜೆ ದಾಟಿಹೋಗಲೆಂದು ಕಾಯುತ್ತಿದ್ದವೋ.

ಮರುದಿನ ಬೆಳಿಗ್ಗೆ ಸೋಯಾ ಕೊಯ್ಯುವ ಯಂತ್ರ ಬಂತು. ಚಾಲಕನಿಗೆ ನಿಧಾನ ಬರಲು ಹೇಳಿ, ಕೈಯಲ್ಲೊಂದು ಕೋಲು ಹಿಡಿದು, ಗಿಡಗಳನ್ನು ಸರಿಸಿ ಬುಡ ನೋಡುತ್ತ ನಾನು ಅದರ ಮುಂದೆ ನಡೆದೆ.