ಕಣ್ಣ ಕೆಳಗಿನ ಸುಳಿ

ಮೊನ್ನೆ ಬೀಗರ ಮನೆಯ ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ಮಗಳು ಕರೆಂಟಿನ ಇಕ್ಕಳದಿಂದ ಕೂದಲು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಒಂದೆಳೆ ಸುಟ್ಟಿತು. ವಾಸನೆ ಅಡುಗೆಮನೆಯ ತನಕ ಬಂತು. ಲಟ್ಟಣಿಗೆ ಬಿಟ್ಟು ಕೂತುಬಿಟ್ಟೆ... ಅವಳು ನನ್ನ ಹೊಟ್ಟೆಯಲ್ಲಿದ್ದಾಗ ಒಂದು ಬೆಳಗ್ಗೆ ಇದೇ ವಾಸನೆ ಕಿಟಕಿಯಿಂದ ಒಳಗೆ ಬಂದಿತ್ತು.

ಆಗ ನಾವು ರಾಣೆಬೆನ್ನೂರಿನಲ್ಲಿದ್ದೆವು. ಎಂಬತ್ತರ ದಶಕದ ಕೊನೆ. ಎದುರು ಬಾಗಿಲಿನವರು ಟಾಂಗಾ ಹೊಡೆಯುತ್ತಿದ್ದ ಚಾಚಾ. ಹೆಂಡತಿ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಹರೆಯದಿಂದಲೂ ಬೆಂಗಳೂರಿನ ರೇಸ್ ಲಾಯದಲ್ಲಿ ಕುದುರೆಗಳ ಮೈ ತಿಕ್ಕಿದವರು. ಎರಡು ಮೂರು ವರ್ಷದ ಹಿಂದೆ ಊರಿಗೆ ಮರಳುವಾಗ ಕಾಲಿನ ನರ ಕಿತ್ತುಹೋಗಿದ್ದ ಒಂದು ಹೆಣ್ಣು ಕುದುರೆಯನ್ನೂ ಕರೆತಂದಿದ್ದರು. ಇದರ ವಂಶದಿಂದ ಬರುವುದೇನೂ ಇಲ್ಲವೆಂದು ಮಾಲೀಕನೇ ಬಿಟ್ಟುಕೊಟ್ಟಿದ್ದನಂತೆ. ಎತ್ತರದ ಕುದುರೆ, ಮೈಯೆಲ್ಲ ಒಂದೇ ಕಂದು, ಎಲ್ಲಿಯೂ ಒಂದು ಬಿಳಿಯ ಮಚ್ಚೆ ಇಲ್ಲ. ಟಾಂಗಾಕ್ಕೆ ಬೇರೊಂದು ತಟ್ಟು ಕುದುರೆ ಇತ್ತು. ಇವಳಿಗೆ ಒಂದು ದಿನವೂ ನೊಗ ಕಟ್ಟಲಿಲ್ಲ.

"ಓಡೂದು ಎರಡು ಮೂರು ವರ್ಷ ಬೇಟಿ. ಆಮ್ಯಾಲ ಕಾಲಿಗೆ ಬೆಲೆ ಇಲ್ಲ, ಹೊಟ್ಟಿಗೆ ಬೆಲೆ. ಇಕಿ ಒಡಹುಟ್ಟಿದಾಂವ ಯಾವನರ ದೊಡ್ಡ ರೇಸ್ ಗೆದ್ದಾ ಅಂದ್ರ, ಮರಿ ಹಾಕಸಾಕ ಇಕಿನ್ನ ಹುಡಿಕ್ಕೋತ ಬರ್ತಾರ ನೋಡು," ಎನ್ನುತ್ತಿದ್ದರು.

ನಮ್ಮತ್ತೆಗೆ ನಗು. "ಸಾಹೇಬ್ರ, ಕುದರಿಗೂ ತವರು ಮನಿ ನೋಡ್ತಾರೇನ್ರಿ?"

"ಏಳು ತಲಿ ನೋಡ್ತಾರ್ರೀ ಅಮ್ಮಾರ."

"ಅಯ್ಯ, ಈಕಿನ್ನ ತರೂಮುಂದ ನಾವು ಎರಡ ತಲಿ ಸೈತ ನೋಡ್ಲಿಲ್ಲ!" ಎಂದು ನನ್ನ ಕಡೆ ಕೈ ತೋರಿಸಿದರು. ನಾನೂ ನಕ್ಕೆ. ಆಗ ನನಗಿನ್ನೂ ನಗು ಬರುತ್ತಿತ್ತು.

ಹಾಗೆ ಯಾರಾದರೂ ಹುಡುಕಿಕೊಂಡು ಬಂದರೆ ಅವಳ ಜೊತೆ ತಾವೂ ಹೋಗುವುದೆಂದು ಚಾಚಾ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದರು. ತಳಿ ಬೆಳೆಸುವ ಫಾರಂನಲ್ಲಿ ಹುಲ್ಲಿನ ಬಯಲು, ಬೇಲಿ, ನೆರಳು. ಅವಳ ಮರಿಯನ್ನು ತಮ್ಮ ಕೈಯಿಂದಲೇ ಎತ್ತಿಕೊಳ್ಳಬೇಕು. ಅವರಿಗೆ ಬೇರೆ ಆಸೆ ಇದ್ದದ್ದು ನಾನು ಕಾಣೆ.

ಆ ಕುದುರೆಯ ಎಡಗಣ್ಣಿನ ಕೆಳಗೊಂದು ಕೂದಲ ಸುಳಿ ಇತ್ತು. ನೀರು ಇಳಿದ ಹಾಗೆ ಕಾಣುತ್ತಿತ್ತು. ಓಣಿಯವರು ಕಣ್ಣೀರ ಸುಳಿ ಎನ್ನುತ್ತಿದ್ದರು, ಮನೆಗೆ ಆಗದು ಎನ್ನುತ್ತಿದ್ದರು. ನನ್ನ ಮೊದಲ ಬಸಿರು ಐದು ತಿಂಗಳಿಗೆ ಹೋಯಿತು. ಎರಡನೆಯದು ನಿಂತಾಗ ನಾನು ದೇವರ ಮುಂದೆ ಕೂತೇ ಇರುತ್ತಿದ್ದೆ. ಒಂದು ಮುಂಜಾನೆ ರಂಗೋಲಿ ಹಾಕಲು ಬಾಗಿಲು ತೆಗೆದರೆ ಎದುರಿಗೆ ಅದೇ ಮುಖ. ತಡೆಯಲಾಗಲಿಲ್ಲ.

"ಚಾಚಾ, ದಿನಾ ಎದ್ದ ಕೂಡಲೇ ಆ ಸುಳಿ ನೋಡಬೇಕಲ್ರೀ ನಾನು. ಈ ಕೂಸರ ಉಳೀಬೇಕಲ್ರೀ..."

ಚಾಚಾ ಕುದುರೆಯ ಮುಖವನ್ನು ಗೋಡೆಯ ಕಡೆ ತಿರುಗಿಸಿ ಕಟ್ಟಿದರು. ಮರುದಿನ ಬೆಳಗ್ಗೆ ಕುದುರೆ ಒಮ್ಮೆ ಕೂಗಿತು. ಆಮೇಲೆ ಆ ವಾಸನೆ. ಹಾವೇರಿಯ ದನದ ಸಂತೆಗೆ ಒಯ್ಯುವ ಮುಂಚೆ ಎತ್ತಿನ ಕೆಟ್ಟ ಸುಳಿಗೆ ಕಾದ ಕಬ್ಬಿಣ ಇಡುವುದು ನಮ್ಮ ಕಡೆ ಹೊಸತಲ್ಲ. ಚಾಚಾ ಅದನ್ನೇ ಮಾಡಿದ್ದರು.

ಮಗಳು ಹುಟ್ಟಿದಳು. ಉಳಿದಳು.

ಅವಳಿಗೆ ಮೂರು ತಿಂಗಳಿದ್ದಾಗ ಓಣಿಗೆ ಜೀಪು ಬಂತು. ಚಾಚಾ ಹೇಳಿದ್ದೇ ಆಗಿತ್ತು. ಈ ಕುದುರೆಯ ತಾಯಿಗೇ ಹುಟ್ಟಿದ ಗಂಡು ದೊಡ್ಡ ರೇಸ್ ಗೆದ್ದಿತ್ತು. ಫಾರಂನಿಂದ ಬಂದವನ ಕೈಯಲ್ಲಿ ಕುದುರೆಯ ಗುರುತಿನ ಕಾಗದ. ಅದರಲ್ಲಿ ಕುದುರೆಯ ಚಿತ್ರ, ಸುಳಿ ಇದ್ದಲ್ಲೆಲ್ಲ ಕೆಂಪು ಗುರುತು. ಮಚ್ಚೆ ಇಲ್ಲದ ಕುದುರೆಗೆ ಸುಳಿಗಳೇ ಗುರುತಂತೆ. ಬರುವ ಸುದ್ದಿ ಮೊದಲೇ ತಿಳಿದು ಚಾಚಾ ಹೊಸ ಅಂಗಿ ಹಾಕಿಕೊಂಡು ಪೆಟ್ಟಿಗೆಯನ್ನೂ ಹೊರಗಿಟ್ಟಿದ್ದರು. ನಾನು ಮಗಳನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ.

"ಕಣ್ಣಿನ ಕೆಳಗೆ ಒಂದು ಸುಳಿ ಇರಬೇಕಲ್ಲ?" ಎಂದ ಅವನು.

"ಇತ್ರಿ. ನಾನ ಸುಟ್ಟೇನಿ."

"ಯಾಕಪ್ಪಾ?"

ಚಾಚಾ ಒಮ್ಮೆ ನಮ್ಮ ಬಾಗಿಲ ಕಡೆ ನೋಡಿದರು. "ಬುದ್ಧಿ ಇರಲಿಲ್ರಿ."

"ಗುರುತಲ್ಲಿ ಅನುಮಾನ ಇದ್ರೆ ಇದರ ಮರೀನ ವಂಶದ ಪುಸ್ತಕಕ್ಕೆ ಸೇರಿಸಲ್ಲ. ಪುಸ್ತಕದಲ್ಲಿ ಇಲ್ಲದ್ದು ರೇಸಿಗಿಲ್ಲ. ಒಳ್ಳೆ ಗಂಡು ಕುದುರೆ ಹತ್ತಿರ ಬಿಡೋ ಖರ್ಚು ಮತ್ತೆ ಯಾರು ಹಾಕ್ತಾರೆ ಹೇಳು?" ಅವನು ಸಿಟ್ಟಿನಿಂದೇನೂ ಹೇಳಲಿಲ್ಲ. ಕಾಗದ ಮಡಚಿಕೊಂಡು ಹೊರಟುಹೋದ.

ಸಂಜೆ ಎರಡು ರೊಟ್ಟಿ, ಪಲ್ಯ ಒಯ್ದೆ. ಮಗಳನ್ನು ಎತ್ತಿಕೊಂಡೇ ತಾಟನ್ನು ಕಟ್ಟೆಯ ಮೇಲಿಟ್ಟೆ. ಚಾಚಾ ಮಗಳ ಕೆನ್ನೆ ಚಿವುಟಿದರು. "ಕುದರಿಗೂ ಕಾಗದಿಲ್ಲ, ಇಕಿಗೂ ಕಾಗದಿಲ್ಲ. ಇಬ್ಬರ ಹೊಟ್ಟಿನೂ ತುಂಬತಾವಲ್ಲ, ಬಿಡು ಬೇಟಿ." ಪೆಟ್ಟಿಗೆ ಇನ್ನೂ ಹೊರಗೇ ಇತ್ತು.

ಊರಲ್ಲಿ ಆಟೋ ಹೆಚ್ಚಾದವು, ಟಾಂಗಾ ನಿಂತಿತು. ಬ್ಯಾಡಗಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಇಟ್ಟವನೊಬ್ಬ ಬಂದು ಇವಳ ಮೈ ತಡವಿ ನೋಡಿ, ಕೆಟ್ಟ ಸುಳಿ ಒಂದೂ ಇಲ್ಲವೆಂದು ಖುಷಿಯಿಂದ ಕೊಂಡ. ಅವಳನ್ನು ಒಬ್ಬಳನ್ನೇ ಕಳಿಸಲಾರದೆ ಚಾಚಾ ಹಗ್ಗ ಹಿಡಿಯುವ ಕೆಲಸಕ್ಕೆ ಜೊತೆಗೇ ಹೋದರು.

ಆರೇಳು ವರ್ಷದ ಮೇಲೆ ಬ್ಯಾಡಗಿಯ ಒಂದು ಮದುವೆಯಲ್ಲಿ ಇಬ್ಬರನ್ನೂ ಕಂಡೆ. ಬ್ಯಾಂಡಿನವರು ಕಿವಿ ಒಡೆಯುವ ಹಾಗೆ ಬಾರಿಸುತ್ತಿದ್ದರು. ಜರಿಯ ಜೂಲು ಹೊದ್ದ ಕುದುರೆ ನಡುಗುತ್ತಿತ್ತು. ಚಾಚಾ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಕಿವಿಯಲ್ಲಿ ಏನೋ ಹೇಳುತ್ತಿದ್ದರು. ನನ್ನ ಮಗಳನ್ನು ನೋಡಿ, "ಅರೆ, ಎಷ್ಟ ದೊಡ್ಡಾಕಿ ಆಗ್ಯಾಳ!" ಎಂದರು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು... ಮೆರವಣಿಗೆ ಮುಂದೆ ಹೋಯಿತು. ಮತ್ತೊಮ್ಮೆ ವಿಚಾರಿಸಿದಾಗ ಕುದುರೆ ಸತ್ತಿತ್ತು, ಅದೇ ವರ್ಷ ಚಾಚಾ ಕೂಡ ತೀರಿಹೋಗಿದ್ದರು.

ಮಗಳನ್ನು ಉಳಿಸಿದ್ದು ದೇವರು, ಅವನು ತೋರಿಸಿದ ಹಾವೇರಿಯ ಡಾಕ್ಟರಮ್ಮ. ಕೂಸು ಕೊಡಲು ಅವನಿಗೆ ಕುದುರೆಯ ಕೂದಲು ಸುಡಬೇಕಾಗಿರಲಿಲ್ಲ. ಇಷ್ಟು ತಿಳಿಯಲು ನನಗೆ ಬಹಳ ವರ್ಷ ಬೇಕಾದವು. ದಿನಾ ದೀಪ ಹಚ್ಚಿ, ಅವನು ಕೊಟ್ಟದ್ದನ್ನೆಲ್ಲ ಒಂದೊಂದಾಗಿ ನೆನೆಯುತ್ತೇನೆ. ಕಳೆದುಕೊಂಡವರಿಗೆ ಮಾತ್ರ ತಪ್ಪಾಯಿತು ಅನ್ನಲಿಲ್ಲ.

"ಅವ್ವಾ, ಛಲೋ ಕಾಣಾಕತ್ತೇನಿಲ್ಲೋ?" ಎಂದು ಮಗಳು ಬಾಗಿಲಲ್ಲಿ ನಿಂತಳು.

"ಛಲೋ ಕಾಣಾಕತ್ತಿ. ನಡಿ, ಹೊತ್ತಾತು," ಎಂದೆ. ಅವಳು ಹೋದ ಮೇಲೆ ಕನ್ನಡಿಯ ಕೆಳಗೆ ಬಿದ್ದಿದ್ದ ಸುಟ್ಟ ಎಳೆಯನ್ನು ಎತ್ತಿಕೊಂಡೆ. ಬಹಳ ಹೊತ್ತು ಅದು ನನ್ನ ಕೈಯಲ್ಲೇ ಇತ್ತು.