ಬುಟ್ಟಿಯಲ್ಲ, ಜಾಡಿ

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಬೇಸಿಗೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಮ್ಮಣ್ಣ ಸೋಡಾ ಕಾರ್ಖಾನೆ ನಡೆಸುತ್ತಿದ್ದ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ಒಂದು ಕೋಣೆ, ಒಂದು ಯಂತ್ರ, ಗೋಲಿ ಬಾಟಲಿಗಳು, ಅಣ್ಣ ಮತ್ತು ನಾನು. ಸೋಡಾಕ್ಕೆ ಬೇಕಾದ ಗ್ಯಾಸನ್ನು ಆಗ ನಾವೇ ತಯಾರಿಸಬೇಕಿತ್ತು. ಅದಕ್ಕೆ ತೇಜಾಬು, ಅಂದರೆ ಈಗಿನವರು ಆ್ಯಸಿಡ್ ಅನ್ನುವುದು, ಮುಂಬಯಿಯಿಂದ ರೈಲಿನಲ್ಲಿ ಬರುತ್ತಿತ್ತು. ಗಾಜಿನ ಜಾಡಿಯಲ್ಲಿ ತೇಜಾಬು. ಜಾಡಿ ಒಡೆಯಬಾರದೆಂದು ಅದನ್ನು ಬಿದಿರಿನ ಬುಟ್ಟಿಯಲ್ಲಿ ಕೂರಿಸಿ, ಸುತ್ತಲೂ ಒಣಹುಲ್ಲು ತುರುಕಿ, ಮೇಲೆ ಗೋಣಿತಟ್ಟು ಹೊಲಿದು ಕಳಿಸುತ್ತಿದ್ದರು.

ಕಣ್ಣಿಗೆ ಕಾಣುವುದು ಬುಟ್ಟಿ ಒಂದೇ. ಹಾಗಾಗಿ ನಾನು "ಅಣ್ಣಾ, ಬುಟ್ಟಿ ಬಂತು" ಅನ್ನುತ್ತಿದ್ದೆ. ಅಣ್ಣನಿಗೆ ಅಷ್ಟು ಸಾಕು, ಸಿಟ್ಟು ನೆತ್ತಿಗೇರುತ್ತಿತ್ತು. "ಬುಟ್ಟಿ ಅಲ್ಲೋ, ಜಾಡಿ ಅನ್ನು. ಬರೇ ಹೊರಗಿಂದು ಹೇಳಿದ್ರ ಒಳಗಿಂದು ಮಂದಿಗೆ ಹೆಂಗ ತಿಳೀಬೇಕು?" ಅವನನ್ನು ಕೆಣಕುವುದು ನನಗೊಂದು ಮಜಾ. ಬೇಕೆಂದೇ ಬುಟ್ಟಿ ಬುಟ್ಟಿ ಅನ್ನುತ್ತಿದ್ದೆ.

ಅವತ್ತು ಗೋದಾಮಿನಿಂದ ಗಾಡಿಯವನು ಮಾಲು ತಂದು ಇಳಿಸಿ ಹೋದ. ಅಣ್ಣ ಎಂದಿನಂತೆ ಮುಖ ಆಚೆ ತಿರುಗಿಸಿಕೊಂಡು ಹುಷಾರಾಗಿ ಗೋಣಿಯ ಹೊಲಿಗೆ ಬಿಚ್ಚಿದ. ಕೋಣೆಯ ತುಂಬ ಮಾವಿನ ಹಣ್ಣಿನ ವಾಸನೆ! ಹುಲ್ಲಿನ ನಡುವೆ ಒಳ್ಳೆ ಹಳದಿ ಬಣ್ಣದ ಆಪೂಸು ಹಣ್ಣುಗಳು ಕುಳಿತಿದ್ದವು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಅಣ್ಣಾ, ನಿನ್ನ ಜಾಡಿ ಹಣ್ಣು ಬಿಟ್ಟೈತಿ ನೋಡು!"

ಅಣ್ಣ ನಗಲಿಲ್ಲ. ಹಾಗೇ ನೆಲಕ್ಕೆ ಕುಳಿತುಬಿಟ್ಟ. "ನಗಬ್ಯಾಡೋ. ಹಣ್ಣು ಇಲ್ಲಿಗೆ ಬಂದಾವಂದ್ರ, ತೇಜಾಬು ಯಾರ ಮನಿಗೆ ಹೋತು?"

ನನ್ನ ನಗು ಅಲ್ಲಿಗೇ ನಿಂತಿತು. ಸೈಕಲ್ ಹತ್ತಿ ಸ್ಟೇಷನ್ನಿನ ಮಾಲಿನ ಗೋದಾಮಿಗೆ ಓಡಿದೆ. ಅಲ್ಲಿನ ಗುಮಾಸ್ತರು ಊಟದ ಡಬ್ಬಿ ಬಿಚ್ಚುತ್ತಿದ್ದರು. "ರಾಯರ, ಬುಟ್ಟಿ ಅದಲುಬದಲು ಆಗೈತ್ರಿ. ನಮ್ಮದು ತೇಜಾಬು" ಎಂದೆ. ಅವರು ಎರಡೂ ಮಾಲಿನ ಕಾಗದ ತೆಗೆದು ನನ್ನ ಮುಂದೆ ಹಿಡಿದರು.

"ತೇಜಾಬು ಅಂತ ಎಲ್ಲಿ ಅದ ಹೇಳಪಾ? ಇದರಾಗ ಬುಟ್ಟಿ ಒಂದು ಅಂತ ಅದ. ಅದರಾಗೂ ಬುಟ್ಟಿ ಒಂದು ಅಂತ ಅದ."

ನಿಜವೇ. ಮುಂಬಯಿಯವರು ಯಾವಾಗಲೂ ಗಾಜಿನ ಜಾಡಿ, ಒಳಗೆ ತೇಜಾಬು, ಹೊರಗೆ ಬುಟ್ಟಿ ಎಂದು ಪೂರ್ತಿ ಬರೆದು, ಮೇಲೊಂದು ಕೆಂಪು ಚೀಟಿ ಅಂಟಿಸಿಯೇ ಕಳಿಸುತ್ತಿದ್ದರು. ದಾರಿಯಲ್ಲಿ ಎಲ್ಲೋ ರೈಲಿನ ಡಬ್ಬಿ ಬದಲಾಯಿಸುವಾಗ ಚೀಟಿ ಕಿತ್ತುಹೋಗಿದೆ. ಹೊಸ ಕಾಗದ ಬರೆದ ಪುಣ್ಯಾತ್ಮ ಕಣ್ಣಿಗೆ ಕಂಡದ್ದನ್ನಷ್ಟೇ ಬರೆದು ಕೈತೊಳೆದುಕೊಂಡಿದ್ದಾನೆ. ಮಾವಿನ ಕಾಲದಲ್ಲಿ, ನಮ್ಮ ಕಡೆ, ಹುಲ್ಲು ತುಂಬಿದ ಬುಟ್ಟಿಯನ್ನು ಕಂಡು ಬೇರೆ ಏನೆಂದು ತಿಳಿಯುತ್ತಾರೆ?

"ಅದನ್ನ ಯಾರು ಒಯ್ದ್ರು ಹೇಳ್ರಿ ಲಗೂನ!"

"ಬೈರಿದೇವರಕೊಪ್ಪದವರು. ಸೊಸಿ ಕುಬಸಂತ. ಹಣ್ಣು ಬೆಳಗಾವಿ ಕಡೆಯಿಂದ ಆಕಿ ಸೋದರಮಾವ ಕಳಿಸ್ಯಾನಂತ. ಚಕ್ಕಡ್ಯಾಗ ಹೇರಿಕೊಂಡು ಹೋದ್ರು." ಕುಬಸ ಅಂದರೆ ಬಸುರಿಗೆ ಮಾಡುವ ಸೀಮಂತ. ಬುಟ್ಟಿಗೆರಡು ಹಣ್ಣು ತೆಗೆದುಕೊಳ್ಳುವುದು ಗೋದಾಮಿನವರ ವಾಡಿಕೆ. ರಾಯರು ಅದನ್ನೂ ಹೇಳಿದರು. "ಎರಡು ಹಣ್ಣು ಕೊಡ್ರಿ ಅಂದೆ. ಇಲ್ರಿ, ನಮ್ಮ ಮನ್ಯಾಗ ಬಸುರಿ ಹೆಣ್ಣಮಗಳು ಕಣ್ಣು ಮುಚ್ಚಿ ಮೊದಲನೇ ಹಣ್ಣು ತಗೀಬೇಕು, ಅಲ್ಲೀತನಕ ಬುಟ್ಟಿ ಬಿಚ್ಚಂಗಿಲ್ಲ ಅಂದ್ರು." ಇಷ್ಟು ಹೇಳಿದ ರಾಯರು ತಮ್ಮ ಬಲಗೈಯನ್ನೇ ನೋಡಿಕೊಂಡರು.

ಅಲ್ಲಿಂದ ಬೈರಿದೇವರಕೊಪ್ಪಕ್ಕೆ ಧಾರವಾಡದ ರಸ್ತೆ. ಆ ಬಿಸಿಲಿನಲ್ಲಿ ಸೈಕಲ್ ತುಳಿದದ್ದನ್ನು ಈಗ ನೆನೆದರೂ ಬಾಯಿ ಒಣಗುತ್ತದೆ. ಒಮ್ಮೆ ಅಣ್ಣನ ಅಂಗಿಯ ಮೇಲೆ ಒಂದೇ ಒಂದು ತೊಟ್ಟು ತೇಜಾಬು ಬಿದ್ದು, ಬಟ್ಟೆ ಸುಟ್ಟು, ಚರ್ಮವೂ ಸುಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಜಾಡಿಯ ಬಿರಡೆ ಗಟ್ಟಿಯಾಗಿದ್ದರೆ ಭಯವಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಊರು ಇನ್ನೇನು ಹತ್ತಿರವಾಯಿತು ಅನ್ನುವಾಗ ರಸ್ತೆಯ ಧೂಳಿನಲ್ಲಿ, ಚಕ್ಕಡಿಯ ಎರಡು ಗಾಲಿಗಳ ನಡುವೆ, ಕಪ್ಪು ಹನಿಗಳು ಕಂಡವು. ನೀರಾಗಿದ್ದರೆ ಅಷ್ಟು ಹೊತ್ತಿಗೆ ಒಣಗಿಹೋಗಬೇಕಿತ್ತು. ಅವು ಒಣಗಿರಲಿಲ್ಲ.

ಅಲ್ಲಿಂದ ಮುಂದೆ ನಾನು ಕಂಡ ಕಂಡ ದೇವರನ್ನೆಲ್ಲ ಕರೆದೆ. ಸೋಬಾನೆ ಪದ ಕೇಳಿಬಂದ ಮನೆಯ ಅಂಗಳದಲ್ಲಿ ಸೈಕಲ್ ಬೀಳಿಸಿ ಒಳಗೆ ನುಗ್ಗಿದೆ. ಪಡಸಾಲೆಯ ತುಂಬ ಹೆಣ್ಣುಮಕ್ಕಳು. ನಡುವೆ ಮಣೆಯ ಮೇಲೆ ಹಸಿರು ಸೀರೆಯುಟ್ಟು, ಎರಡೂ ಕೈತುಂಬ ಹಸಿರು ಗಾಜಿನ ಬಳೆ ತೊಟ್ಟ ಹುಡುಗಿ. ಹಿಂದಿನಿಂದ ಯಾರೋ ಅವಳ ಕಣ್ಣು ಮುಚ್ಚಿದ್ದರು. ಮುಂದೆ ನಮ್ಮ ಬುಟ್ಟಿ. ಗೋಣಿಯನ್ನು ಒಂದು ಕೈ ಹೋಗುವಷ್ಟೇ ಕತ್ತರಿಸಿದ್ದರು. ಅವಳು ನಗುತ್ತ ಕೈ ಚಾಚುತ್ತಿದ್ದಳು.

ಬೆಂಕಿ ಅನ್ನಬಹುದಿತ್ತು, ತೇಜಾಬು ಅನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು ಅಣ್ಣನ ಮಾತು. "ಬುಟ್ಟಿ ಅಲ್ರೀ, ಜಾಡಿ! ಜಾಡಿ!"

ಬೀಗರ ಕಡೆಯವನು ಯಾವನೋ ಚೇಷ್ಟೆ ಮಾಡುತ್ತಿದ್ದಾನೆಂದು ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ಬೆರಳ ತುದಿಗಳು ಗೋಣಿಯೊಳಗೆ ಹೋದವು. ನಾನು ಅವರನ್ನೆಲ್ಲ ದಾಟಿ ಹೋಗಿ ಅವಳ ಮಣಿಕಟ್ಟು ಹಿಡಿದು ಜೋರಾಗಿ ಎಳೆದೆ. ಬಳೆಗಳು ಚಟಚಟ ಒಡೆದವು.

ಪದ ನಿಂತಿತು. ಗುರುತಿಲ್ಲದ ಗಂಡಸು ಬಸುರಿಯ ಕೈಹಿಡಿದು ಎಳೆದಿದ್ದಾನೆ. ಅದೂ ಕುಬಸದ ಮಣೆಯ ಮೇಲೆ ಬಳೆ ಒಡೆದಿದ್ದಾನೆ. ಅವಳ ಗಂಡ ಎಲ್ಲಿಂದ ಬಂದನೋ, ಕಪಾಳಕ್ಕೆ ಒಂದು ಬಿಟ್ಟು ನನ್ನ ಕುತ್ತಿಗೆ ಹಿಡಿದ. ಅತ್ತೆ ಎದ್ದು ನಿಂತಳು. "ಎಂಥಾ ಹೊತ್ತಿನ್ಯಾಗ ಬಳಿ ಒಡದೆಲೋ ಭಾಡ್ಯಾ! ನನ್ನ ಸೊಸಿ ನಿನಗೇನ್ ಮಾಡಿದ್ಳೋ?"

ನನಗೆ ಉಸಿರೇ ಇರಲಿಲ್ಲ. "ಯವ್ವಾ... ಗೋಣಿ ಬಿಚ್ಚಿಸ್ರಿ. ಕೈಲೆ ಬ್ಯಾಡ, ಕೋಲಿನ್ಲೆ ಬಿಚ್ಚಿಸ್ರಿ" ಎಂದೆ.

ಗಂಡ ಒಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಬಾರುಕೋಲು ತೆಗೆದುಕೊಂಡು ಗೋಣಿಯನ್ನೆತ್ತಿದ. ಅದು ಕೋಲಿಗೆ ತುಂಡುತುಂಡಾಗಿ ಬಂತು. ಒಳಗಿನ ಹುಲ್ಲು ಒಲೆಯಿಂದ ತೆಗೆದಂತೆ ಕಪ್ಪಾಗಿತ್ತು, ಆದರೆ ಒದ್ದೆಯಾಗಿತ್ತು. ನಡುವೆ ಜಾಡಿಯ ಗಾಜಿನ ಕುತ್ತಿಗೆ, ಬಿರಡೆ ಓರೆಯಾಗಿತ್ತು. ನನ್ನ ಕುತ್ತಿಗೆಯ ಮೇಲಿನ ಹಿಡಿತ ಸಡಿಲವಾಯಿತು.

ಅತ್ತೆ ಸೊಸೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು ಮುಂದೆ ಹಿಂದೆ ತಿರುಗಿಸಿ ನೋಡಿದಳು. ಒಂದೊಂದೇ ಬೆರಳನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಕುಬಸದಾಗ ಬಳಿ ಒಡೀಬಾರದು ಅಂತಾರ ತಮ್ಮಾ. ಒಡದದ್ದಕ್ಕ ನನ್ನ ಸೊಸಿ ಕೈ ಉಳೀತು" ಎಂದಳು. ಅಷ್ಟು ಹೊತ್ತು ತಡೆದುಕೊಂಡಿದ್ದ ನಾನು ಆ ಹೆಂಗಸರ ಮುಂದೆ ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಅಂಗೈಗೆ ಬಳೆಚೂರು ಚುಚ್ಚಿ ರಕ್ತ ಸೋರುತ್ತಿದ್ದದ್ದು ಆಗ ತಿಳಿಯಿತು.

ಸ್ವಲ್ಪ ಹೊತ್ತಿಗೆ ಅಣ್ಣ ಗೋದಾಮಿನಲ್ಲಿ ವಿಳಾಸ ಕೇಳಿಕೊಂಡು ಟಾಂಗಾದಲ್ಲಿ ಮಾವಿನ ಬುಟ್ಟಿಯೊಂದಿಗೆ ಬಂದ. ಬುಟ್ಟಿಯ ಸುತ್ತ ಒಣಮಣ್ಣು ಸುರಿಸಿ, ಬಿರಡೆ ಸರಿಮಾಡಿ, ಜಾಡಿಯನ್ನು ಹೊರಗೆ ತೆಗೆಸಿದ. ನನ್ನ ಬೆನ್ನ ಮೇಲೆ ಕೈಯಿಟ್ಟ ಅಷ್ಟೇ. ಮಾವಿನ ಬುಟ್ಟಿಯ ಗೋಣಿಯನ್ನು ಅವರು ಪೂರ್ತಿ ಬಿಚ್ಚಿದರು. ನೀಲವ್ವ, ಅದು ಆ ಹುಡುಗಿಯ ಹೆಸರು, ಈ ಸಲ ಕಣ್ಣು ಬಿಟ್ಟುಕೊಂಡೇ ಹಣ್ಣು ತೆಗೆದಳು. ಮೊದಲನೆಯದನ್ನು ನನಗೇ ಕೊಟ್ಟು, "ಬಳಿ ಒಡದವ್ರ ಬಳಿ ಇಡಸಬೇಕ್ರಿ ಅಣ್ಣಾರ" ಅಂದಳು. ಎಲ್ಲರೂ ನಕ್ಕರು. ನಾನು ಮಾತ್ರ ಅದನ್ನು ಖರೇ ಎಂದೇ ಹಿಡಿದೆ. ಆ ವರ್ಷದ ನಾಗರಪಂಚಮಿಗೆ ತವರಿನ ಅಣ್ಣನಂತೆ ಬಳೆಗಾರನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಇವತ್ತಿನವರೆಗೆ ಒಂದು ಪಂಚಮಿಯನ್ನೂ ತಪ್ಪಿಸಿಲ್ಲ.

ಅಣ್ಣ ಈಗಿಲ್ಲ. ಅವನು ಇರುವತನಕ ನಾನು ಮತ್ತೆ ಬುಟ್ಟಿ ಅನ್ನಲಿಲ್ಲ. ನೀಲವ್ವನಿಗೆ ಮೊಮ್ಮಕ್ಕಳಾಗಿವೆ. ಕಳೆದ ಪಂಚಮಿಯಲ್ಲಿ ಬಳೆಗಾರ ಅವಳ ಐದೂ ಬೆರಳುಗಳನ್ನು ಕೂಡಿಸಿ ಹಿಡಿದು ಹಸಿರು ಬಳೆ ಏರಿಸುತ್ತಿದ್ದ. ನಾನು ಎಂದಿನಂತೆ ಅದನ್ನೇ ನೋಡುತ್ತ ಕುಳಿತಿದ್ದೆ, ಕಣ್ಣು ತುಂಬಿ ಬಂತು.

"ಏನ್ ನೋಡಾಕತ್ತೀರಿ ಅಣ್ಣಾರ?" ಎಂದಳು.

"ಏನಿಲ್ಲವಾ. ಬಳಿ ಛಲೋ ಅದಾವು" ಎಂದೆ.